ತಲೆಗೆ ಪೆಟ್ಟು ಬಿದ್ದವರನ್ನು ಕೋಣೆಗೆ ತರಬೇಡಿ: ಮಿದುಳು, ಬೆನ್ನುಹುರಿಯ ಊತದ ಬಗ್ಗೆ ನಾವು ಕಲಿತದ್ದು

"ಅಣ್ಣಾರ, ಎಲುಬು ಮುರದಿಲ್ಲ ಅಂತೀರಿ, ರಕ್ತಾನೂ ಭಾಳ ಹೋಗಿಲ್ಲ ಅಂತೀರಿ. ಮತ್ತ ಮೂರು ದಿನ ಆತು, ಯಾಕ ಎಚ್ಚರ ಆಗವಲ್ದು?"

ಯಾದಗಿರಿ ಕಡೆಯ ಹಳ್ಳಿಯೊಂದರಿಂದ ನಮ್ಮ ಗೆಳೆಯನ ಹೆಂಡತಿ ಫೋನಿನಲ್ಲಿ ಕೇಳಿದ ಮಾತಿದು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದ ನಮಗೆ ಉತ್ತರ ಗೊತ್ತಿರಲಿಲ್ಲ. "ಡಾಕ್ಟರು ನೋಡ್ತಿದ್ದಾರೆ ತಂಗಿ, ಹುಷಾರಾಗ್ತಾರೆ" ಎಂದು ಹೇಳಿ ಫೋನ್ ಇಟ್ಟೆವು. ಏನೂ ಗೊತ್ತಿಲ್ಲದೆ ಹೇಳಿದ ಸಮಾಧಾನ ಅದು. ಇನ್ನೊಬ್ಬರ ಮನೆಯವರಿಗೆ ಹಾಗೆ ಬರೀ ಸಮಾಧಾನ ಹೇಳುವ ಪರಿಸ್ಥಿತಿ ನಿಮಗೆ ಬರಬಾರದು. ಅದಕ್ಕೇ ಈ ತಿಂಗಳ ಪುಟಗಳಲ್ಲಿ ಇದನ್ನು ಬರೆಯುತ್ತಿದ್ದೇವೆ.

ಆ ದಿನ ಏನಾಯಿತು

ಗೆಳೆಯ ಶಟರಿಂಗ್ ಕಾರ್ಪೆಂಟರ್. ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಸ್ಕ್ಯಾಫೋಲ್ಡಿಂಗ್ ಮೇಲಿಂದ ಬಿದ್ದ. ಬಹಳ ಎತ್ತರವೇನಲ್ಲ, ಎರಡಾಳು ಎತ್ತರ. ತಲೆಯ ಮೇಲೆ ಹೆಲ್ಮೆಟ್ ಇತ್ತು, ಆದರೆ ಗಲ್ಲದ ಪಟ್ಟಿ ಹಾಕಿರಲಿಲ್ಲ. ಬೀಳುವಾಗ ಅದು ಒಂದು ಕಡೆ ಹಾರಿತು, ತಲೆ ಇನ್ನೊಂದು ಕಡೆ ಹಲಗೆಗೆ ಬಡಿಯಿತು.

ಒಂದು ನಿಮಿಷ ಮಂಕಾಗಿದ್ದ. ಆಮೇಲೆ ತಾನೇ ಎದ್ದು ಕೂತ, ನೀರು ಕುಡಿದ, "ಏನೂ ಆಗಿಲ್ಲ ಬಿಡ್ರೋ" ಎಂದು ನಕ್ಕ. ಆಸ್ಪತ್ರೆಗೆ ಹೋದರೆ ದಿನದ ಹಾಜರಿ ಹೋಗುತ್ತದೆ ಎಂಬ ಭಯ ಅವನಿಗಿತ್ತು. ಫೋರ್‌ಮನ್ ಕೂಡ ರೂಮಿಗೆ ಹೋಗಿ ಮಲಗಲಿ ಎಂದ. ನಾವೇ ಗಾಡಿಯಲ್ಲಿ ಕೂರಿಸಿಕೊಂಡು ಬಂದೆವು. ಒಂದು ತಲೆನೋವಿನ ಮಾತ್ರೆ ಕೊಟ್ಟು ಮಲಗಿಸಿದೆವು. ತಪ್ಪು ಬೇರೆ ಯಾರದ್ದೂ ಎನ್ನುವ ಮೊದಲು ನಮ್ಮದು.

ರಾತ್ರಿ ಊಟಕ್ಕೆ ಎಬ್ಬಿಸಿದಾಗ ಎರಡು ಸಲ ವಾಂತಿ ಮಾಡಿದ. ಮಾತು ತೊದಲುತ್ತಿತ್ತು. ನಮ್ಮಲ್ಲೊಬ್ಬನನ್ನು ತನ್ನ ತಮ್ಮನ ಹೆಸರಿನಿಂದ ಕರೆದ. ಹತ್ತು ಗಂಟೆಗೆ ಜೋರಾಗಿ ಗೊರಕೆ ಹೊಡೆಯತೊಡಗಿದ. ಸುಸ್ತಾಗಿ ನಿದ್ದೆ ಬಂದಿದೆ ಅಂದುಕೊಂಡೆವು. ಪಕ್ಕದ ಕೋಣೆಯ ಹಿರಿಯರೊಬ್ಬರು ಬಂದು ಭುಜ ಅಲುಗಿಸಿ ನೋಡಿ, "ಇದು ನಿದ್ದೆ ಅಲ್ಲ, 998ಕ್ಕೆ ಫೋನ್ ಮಾಡಿ" ಎಂದರು. ಆಂಬುಲೆನ್ಸ್ ಬರುವ ಹೊತ್ತಿಗೆ ಕೂಗಿದರೂ ಕಣ್ಣು ತೆರೆಯುತ್ತಿರಲಿಲ್ಲ.

ಬಿದ್ದಾಗ ಚೆನ್ನಾಗಿ ಮಾತಾಡಿದವನು ಕೆಲವು ಗಂಟೆಗಳಲ್ಲಿ ಹೀಗಾಗುವುದು ಅಪರೂಪದ ಸಂಗತಿಯೇನಲ್ಲ ಎಂದು ಆಮೇಲೆ ತಿಳಿಯಿತು. ಒಳಗೆ ರಕ್ತ ನಿಧಾನವಾಗಿ ಸೇರುತ್ತದೆ, ಊತ ನಿಧಾನವಾಗಿ ಏರುತ್ತದೆ. ನಡುವಿನ ಆ "ಚೆನ್ನಾಗಿದ್ದೇನೆ" ಎನ್ನುವ ಹೊತ್ತು ನಮ್ಮನ್ನು ಮೋಸಗೊಳಿಸುತ್ತದೆ.

ತೆಗೆಯಲಾಗದ ಬೂಟು

ಐಸಿಯುನಲ್ಲಿ ಉಡುಪಿ ಕಡೆಯ ನರ್ಸ್ ಅಕ್ಕ ಒಬ್ಬರಿದ್ದರು. ನಮ್ಮ ಮುಖ ನೋಡಿ, ಡ್ಯೂಟಿ ಮುಗಿದ ಮೇಲೆ ಹತ್ತು ನಿಮಿಷ ಕೂತು ವಿವರಿಸಿದರು. "ಕಾಲು ಉಳುಕಿದರೆ ಏನಾಗುತ್ತದೆ ಮಾರಾಯ್ರೆ? ಊದುತ್ತದೆ. ಸೇಫ್ಟಿ ಬೂಟು ಬಿಚ್ಚಿ ಇಡುತ್ತೀರಿ, ಊತಕ್ಕೆ ಜಾಗ ಸಿಗುತ್ತದೆ. ಮಿದುಳಿಗೂ ಪೆಟ್ಟಾದರೆ ಊದುತ್ತದೆ. ಆದರೆ ಅದರ ಬೂಟು ತಲೆಬುರುಡೆ. ಬಿಚ್ಚಲಿಕ್ಕೆ ಆಗುವುದಿಲ್ಲ."

ದೊಡ್ಡವರ ತಲೆಬುರುಡೆಯೊಳಗೆ ಸುಮಾರು ಒಂದೂವರೆ ಲೀಟರಿನಷ್ಟು ಜಾಗ. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಮಿದುಳು, ಹತ್ತು ಪಾಲು ರಕ್ತ, ಇನ್ನು ಹತ್ತು ಪಾಲು ಮಿದುಳಿನ ಸುತ್ತ ಇರುವ ನೀರು. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು. 1783ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ ಈ ವಿಚಾರವನ್ನು ಮೊದಲು ಹೇಳಿದರು, ಆಮೇಲೆ ಜಾರ್ಜ್ ಕೆಲ್ಲಿ ಅದನ್ನು ಮುಂದುವರಿಸಿದರು. ಇವತ್ತಿಗೂ ಚಿಕಿತ್ಸೆಯೆಲ್ಲ ಇದೇ ಲೆಕ್ಕದ ಮೇಲೆ ನಿಂತಿದೆ.

ಊತ ಏರಿದಾಗ ಮೊದಲು ಆ ನೀರು ಕೆಳಗೆ ಬೆನ್ನಿನ ಕಡೆಗೆ ಸರಿದು ಜಾಗ ಮಾಡಿಕೊಡುತ್ತದೆ, ಸ್ವಲ್ಪ ರಕ್ತವೂ ಸರಿಯುತ್ತದೆ. ಆ ಅವಕಾಶ ಮುಗಿದ ಮೇಲೆ ಒತ್ತಡ ಒಮ್ಮೆಗೇ ಏರುತ್ತದೆ. ಆಗ ಎರಡು ಅಪಾಯ. ಹೃದಯ ಕಳಿಸುವ ರಕ್ತ ಆ ಒತ್ತಡವನ್ನು ಮೀರಿ ಮಿದುಳಿಗೆ ಹೋಗಲಾರದು. ಮತ್ತೆ, ಊದಿದ ಮಿದುಳು ಕೆಳಗಿನ ಕಿರಿದಾದ ದಾರಿಗೆ ಜಾರಿ, ಉಸಿರಾಟ ನಡೆಸುವ ಭಾಗವನ್ನು ಅದುಮುತ್ತದೆ. ಪೆಟ್ಟು ಬಿದ್ದ ಕ್ಷಣದಲ್ಲಿ ಆದ ಗಾಯವನ್ನು ಯಾವ ಡಾಕ್ಟರೂ ಹಿಂದಕ್ಕೆ ತರಲಾರರು. ಈ ಎರಡನೇ ಗಾಯವನ್ನು ತಡೆಯುವುದೇ ಐಸಿಯುನ ಕೆಲಸ.

ಇನ್ನೊಂದು ಮಾತು: ಊತ ಮೊದಲ ದಿನವೇ ಪೂರ್ತಿ ಬರುವುದಿಲ್ಲ. ಸಾಮಾನ್ಯವಾಗಿ ಎರಡನೇ ದಿನದಿಂದ ಐದನೇ ದಿನದವರೆಗೆ ಏರುತ್ತದೆ. "ನಿನ್ನೆಗಿಂತ ಇವತ್ತು ಜಾಸ್ತಿ ಆಗಿದೆ" ಎಂದು ಡಾಕ್ಟರು ಹೇಳಿದರೆ ಅವರೇನೋ ತಪ್ಪು ಮಾಡಿದರು ಎಂದು ಜಗಳಕ್ಕೆ ಹೋಗಬೇಡಿ. ನಾವು ಹೋಗಿದ್ದೆವು.

ಸುಮ್ಮನೆ ಮಲಗಿಸಿಲ್ಲ

ನೋಡುವವರಿಗೆ ರೋಗಿಯನ್ನು ಸುಮ್ಮನೆ ಮಲಗಿಸಿದ ಹಾಗೆ ಕಾಣುತ್ತದೆ. ಆದರೆ ಅಲ್ಲಿ ನಡೆಯುವ ಒಂದೊಂದಕ್ಕೂ ಕಾರಣ ಇದೆ.

ಮೊದಲು ಎಚ್ಚರದ ಅಂಕ. 1974ರಲ್ಲಿ ಗ್ಲಾಸ್ಗೋ ಊರಿನ ಡಾಕ್ಟರುಗಳಾದ ಟೀಸ್‌ಡೇಲ್ ಮತ್ತು ಜೆನೆಟ್ ಮಾಡಿಕೊಟ್ಟ ಪಟ್ಟಿ ಅದು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ, ಮೂರಕ್ಕೂ ಅಂಕ. ಪೂರ್ತಿ ಎಚ್ಚರ ಇದ್ದರೆ 15, ಏನೂ ಇಲ್ಲದಿದ್ದರೆ 3. ಎಂಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಂಭೀರ. ನಮ್ಮ ಗೆಳೆಯನಿಗೆ ಬಂದದ್ದು 7.

ನಿದ್ದೆ ಔಷಧ ಕೊಟ್ಟು ವೆಂಟಿಲೇಟರ್‌ಗೆ ಹಾಕಿದರು. ಎಚ್ಚರದಲ್ಲಿ ಕೆಮ್ಮಿದರೆ, ಒದ್ದಾಡಿದರೆ ತಲೆಯೊಳಗಿನ ಒತ್ತಡ ಏರುತ್ತದೆ. ನಿದ್ದೆಯಲ್ಲಿದ್ದರೆ ಮಿದುಳಿಗೆ ಬೇಕಾಗುವ ಆಮ್ಲಜನಕವೂ ಕಡಿಮೆ. ತಂಗಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇದೇ. ಅವನಿಗೆ ಎಚ್ಚರ ಆಗದಿರಲು ಪೆಟ್ಟು ಒಂದು ಕಾರಣ, ಡಾಕ್ಟರೇ ಮಲಗಿಸಿರುವುದು ಇನ್ನೊಂದು.

ಮಂಚದ ತಲೆಯ ಭಾಗವನ್ನು ಸುಮಾರು 30 ಡಿಗ್ರಿ ಎತ್ತಿ, ಕುತ್ತಿಗೆ ನೆಟ್ಟಗಿರಿಸಿದ್ದರು. ತಲೆಯಿಂದ ರಕ್ತ ಸರಾಗವಾಗಿ ಕೆಳಗಿಳಿಯಲಿ ಎಂದು. ನಾವು ಪ್ರೀತಿಯಿಂದ ಮುಖವನ್ನು ನಮ್ಮ ಕಡೆ ತಿರುಗಿಸಲು ಹೋಗಿ ನರ್ಸ್ ಅಕ್ಕನಿಂದ ಬೈಸಿಕೊಂಡೆವು.

ತಲೆಬುರುಡೆಗೆ ಸಣ್ಣ ತೂತು ಮಾಡಿ ಒತ್ತಡ ಅಳೆಯುವ ತಂತಿ ಇಟ್ಟಿದ್ದರು. ಸಾಮಾನ್ಯ ಒತ್ತಡ 15ರೊಳಗೆ. 22 ದಾಟಿದರೆ ಇಳಿಸಲೇಬೇಕು ಎಂದು ಈಗಿನ ನಿಯಮ. ಇದನ್ನು ರಕ್ತದೊತ್ತಡದ ಜೊತೆ ಇಟ್ಟು ನೋಡುತ್ತಾರೆ. ಸರಾಸರಿ ಬಿ.ಪಿ.ಯಿಂದ ತಲೆಯ ಒತ್ತಡ ಕಳೆದರೆ 60ರಿಂದ 70 ಉಳಿಯಬೇಕು. ಉಳಿದರೆ ಮಿದುಳಿಗೆ ರಕ್ತ ಏರುತ್ತದೆ. ಮೇಲಿನ ಟ್ಯಾಂಕಿಗೆ ನೀರು ಏರಬೇಕಾದರೆ ಪಂಪಿಗೆ ದಮ್ಮಿರಬೇಕಲ್ಲ, ಹಾಗೆ. ಬಿ.ಪಿ. ಬೀಳದಂತೆ ಔಷಧ ಕೊಡುವುದು ಅದಕ್ಕೇ.

ಒತ್ತಡ ಏರಿದಾಗ ಮ್ಯಾನಿಟಾಲ್ ಎಂಬ ದ್ರಾವಣ, ಇಲ್ಲವೇ ಹೆಚ್ಚು ಉಪ್ಪಿನ ಸಲೈನ್ ಏರಿಸುತ್ತಾರೆ. ಉಪ್ಪು ಹಚ್ಚಿದ ಮಾವಿನಕಾಯಿ ಹೋಳು ನೀರು ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ರಕ್ತ ಗಟ್ಟಿಯಾದಾಗ ಊದಿದ ಮಿದುಳಿನ ನೀರು ರಕ್ತಕ್ಕೆ ಸೇರುತ್ತದೆ, ಊತ ಇಳಿಯುತ್ತದೆ. ಊರಿಂದ ಅವನ ಮಾವ ಫೋನಿನಲ್ಲಿ, "ಒಂದ್ ಗ್ಲೂಕೋಸ್ ಬಾಟ್ಲಿ ಏರಸಂತ ಹೇಳ್ರಿ, ಶಕ್ತಿ ಬರ್ತದ" ಎಂದರು. ನಾವೂ ಹೋಗಿ ಕೇಳಿದೆವು. ಡಾಕ್ಟರು ನಕ್ಕು, ಬರೀ ಗ್ಲೂಕೋಸ್ ನೀರು ಈ ಸ್ಥಿತಿಯಲ್ಲಿ ಮಿದುಳಿನೊಳಗೆ ಹೋಗಿ ಊತವನ್ನು ಹೆಚ್ಚಿಸುತ್ತದೆ ಎಂದರು.

ಜ್ವರ ಬರದಂತೆ, ಫಿಟ್ಸ್ ಬರದಂತೆ, ಸಕ್ಕರೆ ಅಂಶ ಏರುಪೇರಾಗದಂತೆ ನೋಡಿಕೊಳ್ಳುವುದೂ ಊತದ ಚಿಕಿತ್ಸೆಯ ಭಾಗವೇ. ಕೆಲವರಿಗೆ ಮಿದುಳಿನ ನೀರನ್ನು ಸಣ್ಣ ನಳಿಕೆಯಿಂದ ಹೊರಗೆ ಬಿಡುತ್ತಾರೆ.

ಸ್ಟೀರಾಯ್ಡ್ ಇಂಜೆಕ್ಷನ್ ಯಾಕೆ ಕೊಡಲಿಲ್ಲ?

ಅವನ ಸಂಬಂಧಿಕರೊಬ್ಬರು ಕಲಬುರಗಿಯಿಂದ ಫೋನ್ ಮಾಡಿ, "ನಮ್ಮ ಅತ್ತಿಗಿ ತಲಿಯಾಗ ಊತ ಬಂದಾಗ ಸ್ಟೀರಾಯ್ಡ್ ಕೊಟ್ಟು ಎರಡು ದಿನದಾಗ ಎಬ್ಬಿಸಿದ್ರು. ಅಲ್ಲಿ ಯಾಕ ಕೊಡವಲ್ರು? ಲೇಬರ್ ಮಂದಿ ಅಂತ ಬಿಟ್ಟಾರೇನು?" ಎಂದು ಜೋರು ಮಾಡಿದರು. ಈ ಸಂಶಯ ನಮಗೂ ಬಂದಿತ್ತು. ಸುಳ್ಳೇಕೆ ಹೇಳಬೇಕು.

ವಿಚಾರಿಸಿದಾಗ ತಿಳಿದದ್ದು: ಆ ಅತ್ತಿಗೆಗೆ ಇದ್ದದ್ದು ಮಿದುಳಿನ ಗಡ್ಡೆ. ಗಡ್ಡೆಯ ಸುತ್ತಲಿನ ಊತಕ್ಕೆ ಸ್ಟೀರಾಯ್ಡ್ ಒಳ್ಳೆಯ ಔಷಧ. ಪೆಟ್ಟಿನ ಊತಕ್ಕೂ ಕೆಲಸ ಮಾಡಬಹುದು ಎಂದು ಡಾಕ್ಟರುಗಳು ದಶಕಗಳ ಕಾಲ ಕೊಡುತ್ತಿದ್ದರು. ನಿಜವಾಗಿ ಲಾಭ ಇದೆಯೇ ಎಂದು ನೋಡಲು ಕ್ರ್ಯಾಶ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಹಲವು ದೇಶಗಳ 10,008 ಗಾಯಾಳುಗಳು ಅದರಲ್ಲಿದ್ದರು. 2004ರಲ್ಲಿ ಫಲಿತಾಂಶ ಬಂತು. ಎರಡು ವಾರದೊಳಗೆ ತೀರಿಕೊಂಡವರು ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 21, ಪಡೆಯದವರಲ್ಲಿ ನೂರಕ್ಕೆ 18. ಉಳಿಸುತ್ತದೆ ಅಂದುಕೊಂಡ ಔಷಧವೇ ಸಾವನ್ನು ಹೆಚ್ಚಿಸುತ್ತಿತ್ತು. ಅಲ್ಲಿಂದೀಚೆಗೆ ತಲೆಯ ಪೆಟ್ಟಿನ ಊತಕ್ಕೆ ಅದನ್ನು ಕೊಡಬಾರದು ಎಂಬುದೇ ನಿಯಮ.

ಲೇಬರ್ ಎಂದು ಕೊಡದೆ ಇದ್ದದ್ದಲ್ಲ. ಗೊತ್ತಿದ್ದೇ ಕೊಡದೆ ಇದ್ದದ್ದು. ಇದನ್ನು ಕಲಬುರಗಿಯವರಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಸರಿ ಬಿಡ್ರಿ" ಎಂದರು.

"ಬುರುಡೆ ತೆಗೆದರೆ ಮನುಷ್ಯ ಉಳೀತಾನೇನ್ರಿ?"

ನಾಲ್ಕನೇ ದಿನ ಬೆಳಿಗ್ಗೆ ಒತ್ತಡ 30 ದಾಟಿತು. ಔಷಧಕ್ಕೆ ಇಳಿಯುತ್ತಿರಲಿಲ್ಲ. ತಲೆಬುರುಡೆಯ ಒಂದು ದೊಡ್ಡ ತುಂಡನ್ನು ತೆಗೆದು, ಮಿದುಳಿಗೆ ಊದಲು ಜಾಗ ಕೊಡುವ ಆಪರೇಶನ್ ಮಾಡಬೇಕು ಎಂದರು. ಬಿಚ್ಚಲಾಗದ ಬೂಟನ್ನು ಕತ್ತರಿಸಿ ತೆಗೆಯುವ ಹಾಗೆ.

ಮನೆಯವರ ಒಪ್ಪಿಗೆ ಬೇಕಿತ್ತು. ವಿಡಿಯೋ ಕಾಲ್ ಮಾಡಿದೆವು. ಆ ಕಡೆ ಕಟ್ಟೆಯ ಮೇಲೆ ಅಪ್ಪ, ಹೆಂಡತಿ, ಮಾವ, ಓಣಿಯ ಹತ್ತು ಜನ. ಈ ಕಡೆ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾವು ಕನ್ನಡದಲ್ಲಿ ಹೇಳಬೇಕು. ಡಾಕ್ಟರು ಮುಚ್ಚಿಡಲಿಲ್ಲ. ಈ ಆಪರೇಶನ್ನಿನಿಂದ ಪ್ರಾಣ ಉಳಿಯುವ ಸಾಧ್ಯತೆ ಹೆಚ್ಚುತ್ತದೆ, ಆದರೆ ಉಳಿದವರೆಲ್ಲ ಮೊದಲಿನಂತಾಗುವುದಿಲ್ಲ, ಕೆಲವರು ಹಾಸಿಗೆ ಹಿಡಿದೇ ಉಳಿಯುತ್ತಾರೆ ಎಂದರು.

ಅವರ ಮಾತಿನ ಹಿಂದಿನ ಲೆಕ್ಕ ನಮಗೆ ಆಮೇಲೆ ಗೊತ್ತಾಯಿತು. 2016ರಲ್ಲಿ ಪ್ರಕಟವಾದ ರೆಸ್ಕ್ಯೂ ಐಸಿಪಿ ಅಧ್ಯಯನದಲ್ಲಿ, ಔಷಧಕ್ಕೆ ಒತ್ತಡ ಬಗ್ಗದ 408 ಜನರನ್ನು ನೋಡಲಾಯಿತು. ಆರು ತಿಂಗಳಲ್ಲಿ ತೀರಿಕೊಂಡವರು ಆಪರೇಶನ್ ಆದವರಲ್ಲಿ ನೂರಕ್ಕೆ ಸುಮಾರು 27, ಔಷಧದಲ್ಲೇ ಮುಂದುವರಿದವರಲ್ಲಿ ಸುಮಾರು 49. ಆದರೆ ಆಪರೇಶನ್ ಆಗಿ ಬದುಕಿದವರಲ್ಲಿ ಪರಾವಲಂಬಿಗಳಾಗಿ ಉಳಿದವರೂ ಹೆಚ್ಚಿದ್ದರು. ಅದಕ್ಕೂ ಮೊದಲು, 2011ರ ಡೆಕ್ರಾ ಎಂಬ ಅಧ್ಯಯನ, ಒತ್ತಡ ಸ್ವಲ್ಪ ಏರಿದ ಕೂಡಲೇ ಅವಸರದಿಂದ ಬುರುಡೆ ತೆಗೆದರೆ ಲಾಭವಿಲ್ಲ ಎಂದು ತೋರಿಸಿತ್ತು. ಅದಕ್ಕೇ ಇದು ಕೊನೆಯ ಮೆಟ್ಟಿಲು. ಮೊದಲ ದಿನವೇ ಯಾಕೆ ಮಾಡಲಿಲ್ಲ ಎಂಬುದಕ್ಕೂ ಇದೇ ಉತ್ತರ.

ಮಾವ "ಬುರುಡಿ ತೆಗೆದ್ರ ಮನಶ್ಯಾ ಉಳೀತಾನೇನ್ರಿ?" ಎಂದು ಮತ್ತೆ ಮತ್ತೆ ಕೇಳಿದರು. ಅಪ್ಪ ಮಾತೇ ಆಡಲಿಲ್ಲ. ಕೊನೆಗೆ ಹೆಂಡತಿ ಫೋನ್ ಕೈಗೆ ತಗೊಂಡು, "ಹ್ಯಾಂಗ ಬಂದ್ರೂ ಮನಿಗಿ ಬರ್ಲಿ ಅಣ್ಣಾರ. ಮುಂದಿಂದು ನಾ ನೋಡ್ಕೋತೀನಿ. ಮಾಡಂತ ಹೇಳ್ರಿ" ಎಂದಳು. ಇಪ್ಪತ್ತಾರು ವರ್ಷದ ಹುಡುಗಿ. ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ನಮ್ಮ ಗಂಟಲು ಕಟ್ಟಿತು.

ಆಪರೇಶನ್ ಆಯಿತು. ಸಂಜೆಗೆ ಒತ್ತಡ 15ಕ್ಕೆ ಇಳಿಯಿತು. ತೆಗೆದ ಮೂಳೆಯನ್ನು ಎಸೆಯುವುದಿಲ್ಲ. ಫ್ರೀಜರಿನಲ್ಲಿ ಇಡುತ್ತಾರೆ, ಕೆಲವು ಕಡೆ ರೋಗಿಯ ಹೊಟ್ಟೆಯ ಚರ್ಮದಡಿಯೇ ಇಡುತ್ತಾರೆ. ಊತ ಪೂರ್ತಿ ಇಳಿದ ಮೇಲೆ ವಾರಗಳೋ ತಿಂಗಳುಗಳೋ ಬಿಟ್ಟು ಮತ್ತೆ ಕೂರಿಸುತ್ತಾರೆ. ಅಲ್ಲಿಯವರೆಗೆ ಆ ಭಾಗಕ್ಕೆ ಪೆಟ್ಟು ತಾಗದಂತೆ ಹೆಲ್ಮೆಟ್ ಹಾಕಿ ಓಡಾಡಿಸಬೇಕು.

ಬೆನ್ನುಹುರಿಗೆ ಪೆಟ್ಟಾದರೆ

ಲಾರಿಯಿಂದಲೋ ಏಣಿಯಿಂದಲೋ ಬಿದ್ದವನನ್ನು ಇಬ್ಬರು ಕೈ, ಇಬ್ಬರು ಕಾಲು ಹಿಡಿದು ಪಿಕಪ್‌ಗೆ ಹಾಕುವುದು ನಾವೆಲ್ಲ ಕಂಡ ದೃಶ್ಯ. ಸಹಾಯ ಮಾಡುವ ಮನಸ್ಸಿನಿಂದಲೇ ಹಾಗೆ ಮಾಡುತ್ತೇವೆ. ಆದರೆ ಮುರಿದ ಬೆನ್ನುಮೂಳೆ ಅಲುಗಿದರೆ ಒಳಗಿನ ಹುರಿಗೆ ಇನ್ನಷ್ಟು ಗಾಯ.

ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪ. ಅದೂ ಮೂಳೆಯ ಕೊಳವೆಯೊಳಗಿದೆ. ಊದಿದರೆ ಅಲ್ಲೂ ಜಾಗವಿಲ್ಲ, ರಕ್ತ ಸಂಚಾರ ನಿಲ್ಲುತ್ತದೆ. ಚಿಕಿತ್ಸೆಯ ತತ್ವ ಒಂದೇ: ಒತ್ತುತ್ತಿರುವ ಮೂಳೆ ಚೂರನ್ನು ಆಪರೇಶನ್ ಮಾಡಿ ಸರಿಸುವುದು, ಸಾಧ್ಯವಾದರೆ 24 ಗಂಟೆಯೊಳಗೆ. ಹುರಿಗೆ ರಕ್ತ ಹೋಗುವಂತೆ ಮೊದಲ ಕೆಲವು ದಿನ ಬಿ.ಪಿ.ಯನ್ನು ಸ್ವಲ್ಪ ಮೇಲೆಯೇ ಇಟ್ಟುಕೊಳ್ಳುವುದು.

ಸ್ಟೀರಾಯ್ಡ್ ವಿಷಯ ಇಲ್ಲಿ ಬೇರೆ. 1990ರ ಒಂದು ಅಮೆರಿಕನ್ ಅಧ್ಯಯನದ ನಂತರ, 8 ಗಂಟೆಯೊಳಗೆ ಹೆಚ್ಚು ಪ್ರಮಾಣದಲ್ಲಿ ಕೊಡುವುದು ಎಲ್ಲ ಕಡೆ ರೂಢಿಯಾಯಿತು. ಸೋಂಕು, ಹೊಟ್ಟೆಯ ರಕ್ತಸ್ರಾವದಂತಹ ತೊಂದರೆ ಕಂಡ ಮೇಲೆ 2013ರಲ್ಲಿ ಅಮೆರಿಕದ ನರಶಸ್ತ್ರವೈದ್ಯರ ಸಂಘಗಳು ಬೇಡ ಎಂದವು. 2017ರಲ್ಲಿ ಇನ್ನೊಂದು ತಜ್ಞರ ಗುಂಪು, 8 ಗಂಟೆಯೊಳಗೆ ಬಂದವರಿಗೆ ಒಂದು ದಿನದ ಮಟ್ಟಿಗೆ ಕೊಡಬಹುದು ಎಂದಿತು. ಹಾಗಾಗಿ ಒಂದು ಆಸ್ಪತ್ರೆಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕೊಡದಿದ್ದರೆ ಅದು ಮೋಸವಲ್ಲ.

ಪೆಟ್ಟಾದ ಮೊದಲ ದಿನಗಳಲ್ಲಿ ಕಾಲು ಪೂರ್ತಿ ಸತ್ತಂತೆ ಇದ್ದರೂ, ಹುರಿಯ ಆಘಾತ ಮತ್ತು ಊತ ಇಳಿದ ಮೇಲೆ ಕೆಲವರಿಗೆ ಸ್ವಲ್ಪ ಚಲನೆ ಮರಳುತ್ತದೆ. ಎಲ್ಲರಿಗೂ ಅಲ್ಲ. ಆ ಕಾಯುವ ಹೊತ್ತಿನಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಮುಖ್ಯ. ಹಾಸಿಗೆ ಹುಣ್ಣಾದರೆ ಅದೇ ಜೀವಕ್ಕೆ ಕುತ್ತು.

ಊರಿಗೆ ಹೋದ ಮೇಲೆ

ಗೆಳೆಯ ಮೂರನೇ ವಾರ ಕಣ್ಣು ಬಿಟ್ಟ. ಎಂಟನೇ ವಾರ ಮಗಳ ಹೆಸರು ಹೇಳಿದ. ಮೂಳೆ ಮತ್ತೆ ಕೂರಿಸಿದ ಮೇಲೆ, ವಿಮಾನ ಹತ್ತಬಹುದು ಎಂಬ ಡಾಕ್ಟರ ಪತ್ರದೊಂದಿಗೆ, ನರ್ಸ್ ಜೊತೆಯಲ್ಲಿ ಬೆಂಗಳೂರಿಗೆ ಕಳಿಸಿದೆವು. ತಲೆಯ ಆಪರೇಶನ್ ಆದ ಕೂಡಲೇ ವಿಮಾನದಲ್ಲಿ ಕಳಿಸುವ ಅವಸರ ಮಾಡಬೇಡಿ. ಒಳಗೆ ಉಳಿದ ಗಾಳಿ ಎತ್ತರದಲ್ಲಿ ಹಿಗ್ಗುತ್ತದೆ. ನಿಮ್ಹಾನ್ಸ್‌ನಲ್ಲಿ ಇಂಥವರಿಗೆಂದೇ ಪುನಶ್ಚೇತನ ವಿಭಾಗವಿದೆ. ಬೆನ್ನುಹುರಿ ಪೆಟ್ಟಿನವರಿಗೆ ವೆಲ್ಲೂರಿನ ಸಿಎಂಸಿಯಲ್ಲಿ 1966ರಿಂದ ಪುನಶ್ಚೇತನ ಕೇಂದ್ರವಿದೆ. ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ ಸ್ವತಃ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿದ್ದವರು.

ಈಗ ಅವನು ಕೋಲು ಹಿಡಿದು ನಡೆಯುತ್ತಾನೆ. ಬಲಗೈ ಹಿಡಿತ ಕಡಿಮೆ. ಶಟರಿಂಗ್ ಕೆಲಸ ಇನ್ನಾಗದು. ಹೋದ ತಿಂಗಳು ತಂಗಿ ಫೋನ್ ಮಾಡಿ, "ಮೈಗಿ ಆರಾಮ ಅದಾರ ಅಣ್ಣಾರ, ಆದ್ರ ಸಿಟ್ಟು ಭಾಳ ಆಗೇದ. ಮೊದ್ಲು ಹಿಂಗ ಇರ್ಲಿಲ್ಲ" ಎಂದಳು. ಸಿಟ್ಟು, ಮರೆವು, ಬೇಗ ಸುಸ್ತಾಗುವುದು, ಇವೆಲ್ಲ ಮಿದುಳಿನ ಗಾಯದ ಗುರುತುಗಳೇ, ಗುಣ ಕೆಟ್ಟದ್ದಲ್ಲ. ಇದಕ್ಕೂ ಚಿಕಿತ್ಸೆ, ಸಲಹೆ ಇದೆ. ಮುಂದಿನ ಸಲ ನಿಮ್ಹಾನ್ಸ್‌ಗೆ ಹೋದಾಗ ಹೇಳಲು ತಿಳಿಸಿದ್ದೇವೆ.

ಕಾಗದ ಪತ್ರ

ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಮಾಲೀಕರದ್ದು. ಚಿಕಿತ್ಸೆಯ ಕಾಲಕ್ಕೆ 6 ತಿಂಗಳವರೆಗೆ ಪೂರ್ತಿ ಸಂಬಳ, ಗುಣವಾಗದಿದ್ದರೆ ಮುಂದಿನ 6 ತಿಂಗಳು ಅರ್ಧ ಸಂಬಳ. ಆದರೆ ಪೆಟ್ಟು ಕೆಲಸದ ಜಾಗದಲ್ಲೇ ಆಯಿತು ಎಂಬ ದಾಖಲೆ ಬೇಕು. ಕೋಣೆಗೆ ತಂದು ಮಲಗಿಸಿದ ನಮ್ಮ ತಪ್ಪಿನಿಂದ ಆ ದಾಖಲೆಗೆ ಬಹಳ ಅಲೆಯಬೇಕಾಯಿತು.

ಇಸಿಆರ್ ಪಾಸ್‌ಪೋರ್ಟಿನಲ್ಲಿ ಬಂದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯವಾಗಿ ಮಾಡಿಸಿರುತ್ತಾರೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ ವಿಮೆ ಅದು. ಎಷ್ಟೋ ಜನರಿಗೆ ತಮ್ಮ ಹೆಸರಲ್ಲಿ ಈ ಪಾಲಿಸಿ ಇರುವುದೇ ಗೊತ್ತಿಲ್ಲ. ಪಾಲಿಸಿ ಮುಗಿಯುವ ದಿನ ನೋಡಿಕೊಳ್ಳಿ, ಒಂದು ಪ್ರತಿ ಊರಿನ ಮನೆಯಲ್ಲಿರಲಿ. ತೀರಾ ಕಷ್ಟದಲ್ಲಿದ್ದವರಿಗೆ ಭಾರತೀಯ ರಾಯಭಾರ ಕಚೇರಿಯ ಸಮುದಾಯ ಕಲ್ಯಾಣ ನಿಧಿಯಿಂದಲೂ ನೆರವು ಕೇಳಬಹುದು.

ಗೋಡೆಗೆ ಅಂಟಿಸಿಕೊಳ್ಳಿ

• ತಲೆಗೆ ಜೋರು ಪೆಟ್ಟು ಬಿದ್ದವರು "ಚೆನ್ನಾಗಿದ್ದೇನೆ" ಎಂದರೂ ಅದೇ ದಿನ ಆಸ್ಪತ್ರೆಯಲ್ಲಿ ತೋರಿಸಿ. ಒಬ್ಬರನ್ನೇ ಮಲಗಲು ಬಿಡಬೇಡಿ.

• ಮತ್ತೆ ಮತ್ತೆ ವಾಂತಿ, ಏರುತ್ತಿರುವ ತಲೆನೋವು, ತೊದಲು, ಗೊಂದಲ, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಮೂಗಿನಿಂದ ನೀರಿನಂಥ ದ್ರವ, ಎಬ್ಬಿಸಿದರೂ ಏಳದಿರುವುದು: ಯಾವುದೇ ಒಂದು ಕಂಡರೂ ಕೂಡಲೇ ಆಂಬುಲೆನ್ಸ್.

• ಕುತ್ತಿಗೆ ಅಥವಾ ಬೆನ್ನು ನೋವು, ಕೈಕಾಲು ಜೋಮು ಎಂದರೆ ಎತ್ತಬೇಡಿ, ಕೂರಿಸಬೇಡಿ. ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಇದ್ದಲ್ಲೇ, ತಲೆ ಅಲುಗದಂತೆ ಹಿಡಿದುಕೊಳ್ಳಿ.

• ಆಂಬುಲೆನ್ಸ್ ಸಂಖ್ಯೆ: ಯುಎಇ 998, ಸೌದಿ 997, ಕತಾರ್ 999, ಬಹರೈನ್ 999, ಕುವೈತ್ 112, ಒಮಾನ್ 9999.

• ಹೆಲ್ಮೆಟ್ಟಿನ ಗಲ್ಲದ ಪಟ್ಟಿ ಹಾಕಿಕೊಳ್ಳಿ. ಪಟ್ಟಿ ಇಲ್ಲದ ಹೆಲ್ಮೆಟ್ ಬೀಳುವಾಗ ಉಪಯೋಗಕ್ಕಿಲ್ಲ.

• ಮನೆಯವರ ಎರಡು ಫೋನ್ ನಂಬರು, ರಕ್ತದ ಗುಂಪು, ತಗೊಳ್ಳುವ ಮಾತ್ರೆಗಳ ಹೆಸರು ಬರೆದ ಚೀಟಿ ಜೇಬಿನಲ್ಲಿರಲಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಅದನ್ನು ತಪ್ಪದೆ ಬರೆಯಿರಿ.

ನಮ್ಮ ಕ್ಯಾಂಪಿನಲ್ಲಿ ಈಗ ಒಂದು ಮಾತು ಮಾಡಿಕೊಂಡಿದ್ದೇವೆ. ತಲೆಗೆ ಪೆಟ್ಟು ಬಿದ್ದವನು ಎಷ್ಟೇ ನಕ್ಕರೂ, ಎಷ್ಟೇ ಬೈದರೂ, ಗಾಡಿ ಮೊದಲು ಆಸ್ಪತ್ರೆಗೆ, ಆಮೇಲೆ ಕೋಣೆಗೆ. ಆ ದಿನದ ಹಾಜರಿ ಹೋದರೆ ಎಲ್ಲರೂ ಸೇರಿ ತುಂಬಿಕೊಡುವುದು. ಇಲ್ಲಿಯವರೆಗೆ ಎರಡು ಸಲ ಹಾಗೆ ಕರೆದುಕೊಂಡು ಹೋಗಿದ್ದೇವೆ. ಎರಡೂ ಸಲ ಸ್ಕ್ಯಾನ್ ಸರಿಯಾಗಿತ್ತು, ಬೈಸಿಕೊಂಡು ವಾಪಸ್ ಬಂದೆವು. ಸಂತೋಷದಿಂದಲೇ ಬಂದೆವು.